ಸ್ವರ್ಣಮಂದಿರದಾಚೆಯ ಟಿಬೆಟ್

ವಾರಾಂತ್ಯ ಬಂತೆಂದರೆ ಮೈಸೂರು–ಮಡಿಕೇರಿ ಹೆದ್ದಾರಿಯಿಂದ ಬೈಲಕುಪ್ಪೆಯ ನಾಮ್‌ಡ್ರೋಲಿಂಗ್ ವಿಹಾರದತ್ತ ಕವಲೊಡೆಯುವ ರಸ್ತೆಯಲ್ಲಿ ವಾಹನಗಳ ಸಾಲು. ಪ್ರವಾಸಿಗರು ಇಳಿಯುತ್ತಾರೆ. 60 ಅಡಿ ಎತ್ತರದ ಬುದ್ಧನ ಮೂರ್ತಿಯನ್ನೂ ಇಕ್ಕೆಲಗಳ ಪದ್ಮಸಂಭವ ಮತ್ತು ಅಮಿತಾಯು ಮೂರ್ತಿಗಳನ್ನೂ ಬೆರಗಿನಿಂದ ನೋಡುತ್ತಾರೆ. ಫೋಟೊ ತೆಗೆಯುತ್ತಾರೆ, ಒಂದು ತಟ್ಟೆ ಮೊಮೊ ತಿನ್ನುತ್ತಾರೆ, ದುಬಾರೆಯತ್ತಲೋ ಕಾವೇರಿ ನಿಸರ್ಗಧಾಮದತ್ತಲೋ ಹೊರಟುಬಿಡುತ್ತಾರೆ. ಒಂದು ಗಂಟೆಯಲ್ಲಿ ಟಿಬೆಟ್ ದರ್ಶನ ಮುಗಿದಿರುತ್ತದೆ.

ಇದರಲ್ಲಿ ತಪ್ಪೇನೂ ಇಲ್ಲ. ಆದರೆ 1999ರಲ್ಲಿ ಉದ್ಘಾಟನೆಗೊಂಡ ಈ ಸ್ವರ್ಣಮಂದಿರವನ್ನಷ್ಟೇ ನೋಡಿ ಹಿಂದಿರುಗುವವರು, ಅದನ್ನು ಕಟ್ಟಿದ ಜನರನ್ನು ನೋಡದೆಯೇ ಹಿಂದಿರುಗುತ್ತಾರೆ. ಕರ್ನಾಟಕದಲ್ಲಿ ಇರುವುದು ಒಂದು ಮಂದಿರವಲ್ಲ, ಐದು ಟಿಬೆಟನ್ ವಸತಿಗಳು. ಬೈಲಕುಪ್ಪೆಯಲ್ಲಿ ಎರಡು, ಉತ್ತರ ಕನ್ನಡದ ಮುಂಡಗೋಡದಲ್ಲಿ ಒಂದು, ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ಒಂದು, ಚಾಮರಾಜನಗರ ಜಿಲ್ಲೆಯ ಒಡೆಯರಪಾಳ್ಯದಲ್ಲಿ ಮತ್ತೊಂದು. ಪಾಸ್‌ಪೋರ್ಟ್ ಇಲ್ಲದೆ, ಹಿಮಾಲಯ ಹತ್ತದೆ, ನಮ್ಮದೇ ಜಿಲ್ಲೆಗಳೊಳಗೆ ಒಂದು ಪ್ರಾಚೀನ ನಾಗರಿಕತೆಯ ನಡುವೆ ಕೆಲವು ದಿನ ನಡೆದಾಡಿ ಬರುವ ಅವಕಾಶ ಕನ್ನಡಿಗರಿಗಿದೆ. ಅದನ್ನು ಬಳಸಿಕೊಳ್ಳಲು ಇದೇ ತಕ್ಕ ಸಮಯ. ಏಕೆಂದರೆ ಈ ವಸತಿಗಳು ಸದ್ದಿಲ್ಲದೆ ತೆರವಾಗುತ್ತಿವೆ.

1959ರ ಮಾರ್ಚ್‌ನಲ್ಲಿ ಲಾಸಾದ ಬಂಡಾಯವನ್ನು ಚೀನಾ ಹತ್ತಿಕ್ಕಿದಾಗ 14ನೇ ದಲೈ ಲಾಮಾ ಗಡಿ ದಾಟಿ ಭಾರತಕ್ಕೆ ಬಂದರು. ಅವರ ಬೆನ್ನಿಗೆ ಸಾವಿರಾರು ಮಂದಿ ಬಂದರು. ಬಂದವರಲ್ಲಿ ಬಹುಪಾಲು ಜನರಿಗೆ ಮೊದಲು ಸಿಕ್ಕಿದ ಕೆಲಸ ಹಿಮಾಲಯದ ತಪ್ಪಲಿನಲ್ಲಿ ರಸ್ತೆಗೆ ಕಲ್ಲು ಒಡೆಯುವುದು. ಇವರನ್ನು ಒಂದೆಡೆ ನೆಲೆಗೊಳಿಸಲು ಭೂಮಿ ಕೊಡಬಲ್ಲಿರಾ ಎಂದು ಪ್ರಧಾನಿ ನೆಹರೂ ರಾಜ್ಯ ಸರ್ಕಾರಗಳನ್ನು ಕೇಳಿದರು. ಉದಾರವಾಗಿ ಸ್ಪಂದಿಸಿದ ರಾಜ್ಯಗಳಲ್ಲಿ ಅಂದಿನ ಮೈಸೂರು ಮುಂಚೂಣಿಯಲ್ಲಿತ್ತು. ಬೈಲಕುಪ್ಪೆಯ ಬಳಿ ಸುಮಾರು 3,000 ಎಕರೆ ಕಾಡುನೆಲ ಮಂಜೂರಾಯಿತು; 1960ರ ಕೊನೆಯಲ್ಲಿ ಮೊದಲ ತಂಡ ಬಂದಿಳಿಯಿತು. 1966ರಲ್ಲಿ ಮುಂಡಗೋಡ, 1969ರಲ್ಲಿ ಬೈಲಕುಪ್ಪೆಯ ಎರಡನೆಯ ವಸತಿ, 1970ರ ದಶಕದ ಮೊದಲರ್ಧದಲ್ಲಿ ಹುಣಸೂರು ಮತ್ತು ಕೊಳ್ಳೇಗಾಲದ ವಸತಿಗಳು ರೂಪುಗೊಂಡವು.

ಆಡಳಿತದ ದೃಷ್ಟಿಯಿಂದ ಇಲ್ಲಿ ಒಂದು ಅಂಶ ಗಮನಾರ್ಹ. ಮೊದಲ ತಂಡ ಬಂದಾಗ ಮುಖ್ಯಮಂತ್ರಿಯಾಗಿದ್ದವರು ಬಿ.ಡಿ. ಜತ್ತಿ. ಮುಂಡಗೋಡದ ವಸತಿಯಾದದ್ದು ಎಸ್. ನಿಜಲಿಂಗಪ್ಪನವರ ಕಾಲದಲ್ಲಿ, ಅವರ ಹೆಸರನ್ನು ದಲೈ ಲಾಮಾ ಇಂದಿಗೂ ಕೃತಜ್ಞತೆಯಿಂದ ನೆನೆಯುತ್ತಾರೆ. ಮುಂದೆ ದೇವರಾಜ ಅರಸು ಅವರು ಅಧಿಕಾರಕ್ಕೆ ಬಂದ ಮೇಲೂ ಕೆಲಸ ನಿಲ್ಲಲಿಲ್ಲ. ಮುಖ್ಯಮಂತ್ರಿಗಳು ಬದಲಾದರು, ಪಕ್ಷಗಳು ಒಡೆದವು, ರಾಜ್ಯದ ಹೆಸರೇ ಬದಲಾಯಿತು. ಕೊಟ್ಟ ಮಾತು ಬದಲಾಗಲಿಲ್ಲ. ಸಾರ್ವಜನಿಕ ನೀತಿಯಲ್ಲಿ ಇಂತಹ ಸಾತತ್ಯ ಅಪರೂಪ.

ಕೊಟ್ಟ ಭೂಮಿ ಹಸನಾದ ಹೊಲವಾಗಿರಲಿಲ್ಲ. ಸುಮಾರು 3,650 ಮೀಟರ್ ಎತ್ತರದ ಲಾಸಾ ಸೀಮೆಯ ಚಳಿಗೆ ಒಗ್ಗಿದ್ದ ದೇಹಗಳು ಇಲ್ಲಿನ ಸೆಕೆಗೆ ಬಳಲಿದವು. ಕಾಯಿಲೆಗಳು ಕಾಡಿದವು, ಕಾಡಾನೆಗಳು ಗುಡಿಸಲುಗಳನ್ನು ಕೆಡವಿದವು. ಬಾರ್ಲಿಯನ್ನು ಹುರಿದು ಬೀಸಿದ ತ್ಸಂಪಾವೇ ಆಹಾರವಾಗಿದ್ದವರು ಮುಸುಕಿನ ಜೋಳ ಬಿತ್ತುವುದನ್ನು ಕಲಿತರು. ಪ್ರತಿ ವಸತಿಯಲ್ಲೂ ಸಹಕಾರ ಸಂಘ ಹುಟ್ಟಿತು. ಬೀಜ, ಗೊಬ್ಬರ, ಟ್ರ್ಯಾಕ್ಟರ್, ಮಾರಾಟ ಎಲ್ಲವೂ ಅದರ ಮೂಲಕ ನಡೆದವು. ಸುಗ್ಗಿ ಮುಗಿದ ಮೇಲೆ ಚಳಿಗಾಲದಲ್ಲಿ ಊರೂರಿನ ಬೀದಿ ಬದಿಯಲ್ಲಿ ಸ್ವೆಟರ್ ಮಾರಾಟ. ನಮ್ಮ ಎಷ್ಟೋ ಮನೆಗಳ ಮಕ್ಕಳು ತೊಟ್ಟ ಮೊದಲ ಸ್ವೆಟರ್ ಈ ಟಿಬೆಟನ್ ಅಂಗಡಿಗಳದ್ದೇ. ಒಂದು ಮಳೆಯಾಧಾರಿತ ಬೆಳೆ, ಅದರ ಜೊತೆಗೆ ಒಂದು ಋತುಮಾನದ ವ್ಯಾಪಾರ: ಈ ಎರಡು ಕಾಲುಗಳ ಮೇಲೆ ವಸತಿಗಳ ಅರ್ಥವ್ಯವಸ್ಥೆ ದಶಕಗಳ ಕಾಲ ನಿಂತಿತು.

ಈ ಪುನರ್ವಸತಿಯಿಂದ ಕರ್ನಾಟಕಕ್ಕೂ ಒಂದು ಲಾಭವಾಗಿದೆ, ಅದನ್ನು ನಾವು ಮರೆತಿದ್ದೇವೆ. ಟಿಬೆಟನ್ನರ ಪುನರ್ವಸತಿಗೆ ನೆರವಾಗಲೆಂದೇ 1968ರಲ್ಲಿ ಹುಟ್ಟಿದ ಸಂಸ್ಥೆ ಮೈರಾಡ. ಅದೇ ಸಂಸ್ಥೆ ಮುಂದೆ ನಮ್ಮ ಬರಪೀಡಿತ ತಾಲ್ಲೂಕುಗಳತ್ತ ತಿರುಗಿ, 1980ರ ದಶಕದಲ್ಲಿ ಸ್ವಸಹಾಯ ಗುಂಪುಗಳನ್ನು ಕಟ್ಟಿದ ಆದ್ಯರಲ್ಲಿ ಒಂದಾಯಿತು. 1992ರಲ್ಲಿ ನಬಾರ್ಡ್ ಆರಂಭಿಸಿದ ಸ್ವಸಹಾಯ ಗುಂಪು–ಬ್ಯಾಂಕ್ ಜೋಡಣೆಯ ಹಿಂದೆ ಈ ಅನುಭವದ ಬಲವಿತ್ತು. ನಿರಾಶ್ರಿತರಿಗಾಗಿ ಕಟ್ಟಿದ ಸಂಸ್ಥೆಯೊಂದು ನಮ್ಮ ಹಳ್ಳಿಗಳ ಹೆಣ್ಣುಮಕ್ಕಳ ಕೈಗೆ ಉಳಿತಾಯದ ಪುಸ್ತಕ ಕೊಟ್ಟಿತು ಎಂಬುದು ಸಣ್ಣ ಮಾತಲ್ಲ.

ಈ ಹಿನ್ನೆಲೆ ಅರಿತು ಹೊರಡುವವರಿಗೆ ವಸತಿಗಳ ಪ್ರವಾಸ ಬೇರೆಯೇ ಅನುಭವ ನೀಡುತ್ತದೆ. ಮೊದಲ ಸಲಹೆ: ವಾಹನ ಬಿಟ್ಟು ನಡೆಯಬೇಕು. ಬೈಲಕುಪ್ಪೆಯಲ್ಲಾಗಲಿ ಮುಂಡಗೋಡದಲ್ಲಾಗಲಿ ಹಳ್ಳಿಗಳನ್ನು ಜನ ಕರೆಯುವುದು ಕ್ಯಾಂಪ್ ಎಂದು; ಅವಕ್ಕೆ ಸಂಖ್ಯೆಗಳೇ ಹೆಸರು. ಒಂದು ಕ್ಯಾಂಪಿನಿಂದ ಇನ್ನೊಂದಕ್ಕೆ ಜೋಳದ ಹೊಲಗಳ ನಡುವೆ ಏರಿಳಿಯುವ ದಾರಿಗಳಿವೆ. ಕಾಲ್ನಡಿಗೆಯಲ್ಲೋ ಸೈಕಲ್‌ನಲ್ಲೋ ಒಂದು ದಿನ ಸುತ್ತಲು ಮಧ್ಯವಯಸ್ಸು ದಾಟಿದವರಿಗೂ ಕಷ್ಟವಾಗದು. ದಾರಿಯುದ್ದಕ್ಕೂ ಐದು ಬಣ್ಣದ ಪ್ರಾರ್ಥನಾ ಪತಾಕೆಗಳು ಗಾಳಿಗೆ ಪಟಪಟಿಸುತ್ತಿರುತ್ತವೆ. ಸ್ತೂಪ ಕಂಡರೆ ಪ್ರದಕ್ಷಿಣೆಯ ದಿಕ್ಕಿನಲ್ಲೇ, ಅಂದರೆ ನಮ್ಮ ಗುಡಿಗಳಂತೆ ಎಡದಿಂದ ಬಲಕ್ಕೆ ಸುತ್ತಬೇಕು. ಸಂಜೆ ಹೊತ್ತು ಕೈಯಲ್ಲಿ ಜಪಮಾಲೆ ಹಿಡಿದು ಪ್ರಾರ್ಥನಾ ಚಕ್ರಗಳನ್ನು ತಿರುಗಿಸುತ್ತ ಸುತ್ತು ಹಾಕುವ ಅಜ್ಜ ಅಜ್ಜಿಯರಲ್ಲಿ ಅನೇಕರು ಚೊಕ್ಕ ಕನ್ನಡದಲ್ಲಿ ಮಾತಿಗೆ ಸಿಗುತ್ತಾರೆ.

ಬೈಲಕುಪ್ಪೆಯಲ್ಲಿ ತಪ್ಪದೆ ನೋಡಬೇಕಾದದ್ದು ಸೆರಾ ವಿದ್ಯಾಪೀಠದ ವಾದಾಂಗಣ. ಲಾಸಾದ ಬಳಿ 1419ರಲ್ಲಿ ಸ್ಥಾಪನೆಯಾದ ಸೆರಾ ಇಲ್ಲಿ 1970ರಲ್ಲಿ ಮರುಹುಟ್ಟು ಪಡೆಯಿತು. ನೂರಾರು ಭಿಕ್ಷುಗಳು ಜೋಡಿ ಜೋಡಿಯಾಗಿ ಸೇರುತ್ತಾರೆ. ಕುಳಿತವನು ಉತ್ತರ ಕೊಡಬೇಕು. ನಿಂತವನು ಪ್ರಶ್ನೆ ಎಸೆದು, ಕಾಲು ನೆಲಕ್ಕಪ್ಪಳಿಸಿ, ಅಂಗೈಗೆ ಅಂಗೈ ಬಡಿಯುತ್ತಾನೆ. ಜಗಳವೆಂದು ಭ್ರಮಿಸುವಷ್ಟು ಗದ್ದಲ. ನಿಜದಲ್ಲಿ ಅದು ದಿಙ್ನಾಗ ಮತ್ತು ಧರ್ಮಕೀರ್ತಿಯರ ತರ್ಕಶಾಸ್ತ್ರದ ಅಭ್ಯಾಸ. ನಾಲಂದದಲ್ಲಿ ಬೆಳೆದು, ಹಿಮಾಲಯ ದಾಟಿ, ತಾಯ್ನೆಲದಲ್ಲಿ ಬಹುತೇಕ ಮರೆಯಾಗಿದ್ದ ವಿದ್ಯೆ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಪ್ರತಿದಿನ ಚಪ್ಪಾಳೆ ತಟ್ಟುತ್ತಿದೆ. ಗೆಶೆ ಪದವಿ ಪಡೆಯಲು ಸುಮಾರು 20 ವರ್ಷಗಳ ವ್ಯಾಸಂಗ ಬೇಕು.

ಮುಂಡಗೋಡಕ್ಕೆ ಹುಬ್ಬಳ್ಳಿಯಿಂದ ಒಂದೆರಡು ಗಂಟೆಯ ಪಯಣ. ಸುಮಾರು 4,000 ಎಕರೆಯ ಈ ವಸತಿಯಲ್ಲಿ ಗಾಂಡೆನ್ ಮತ್ತು ಡ್ರೆಪುಂಗ್ ಎಂಬ ಎರಡು ಮಹಾವಿಹಾರಗಳಿವೆ. ಶತಮಾನಗಳ ಕಾಲ ಪುರುಷರಿಗಷ್ಟೇ ಮೀಸಲಾಗಿದ್ದ ವಿದ್ವತ್ತಿನ ಬಾಗಿಲು ತೆರೆದದ್ದು ಇಲ್ಲಿಯೇ ಎಂಬುದನ್ನು ಕನ್ನಡಿಗರು ಹೆಮ್ಮೆಯಿಂದ ನೆನೆಯಬೇಕು: 2016ರ ಡಿಸೆಂಬರ್‌ನಲ್ಲಿ 20 ಮಂದಿ ಭಿಕ್ಷುಣಿಯರು ಗೆಶೆಮಾ ಪದವಿಯನ್ನು ಮೊದಲ ಬಾರಿಗೆ ದಲೈ ಲಾಮಾ ಅವರಿಂದ ಸ್ವೀಕರಿಸಿದ್ದು ಮುಂಡಗೋಡದಲ್ಲಿ. ಹತ್ತಿರದಲ್ಲೇ ಅತ್ತಿವೇರಿ ಪಕ್ಷಿಧಾಮವಿದೆ. ಸುತ್ತಲಿನ ಕಾಡಂಚಿನಲ್ಲಿ ಸಿದ್ದಿ ಸಮುದಾಯದ ಊರುಗಳಿವೆ. ಇನ್ನೂ ಸ್ವಲ್ಪ ದೂರ ಸಾಗಿದರೆ ಬನವಾಸಿ. ಅಶೋಕನ ಕಾಲದಲ್ಲಿ ರಕ್ಖಿತನೆಂಬ ಭಿಕ್ಷುವನ್ನು ವನವಾಸಿಗೆ ಧರ್ಮಪ್ರಸಾರಕ್ಕೆ ಕಳುಹಿಸಲಾಯಿತೆಂದು ಮಹಾವಂಶ ಹೇಳುತ್ತದೆ. ಎರಡು ಸಾವಿರ ವರ್ಷಗಳ ಬಳಿಕ ಬುದ್ಧ ಅದೇ ಸೀಮೆಗೆ ಬಂದಿದ್ದಾನೆ, ಈ ಬಾರಿ ನಿರಾಶ್ರಿತರ ಬೆನ್ನೇರಿ.

ಇಷ್ಟೆಲ್ಲ ವೈಭವದ ಹಿಂದೆ ಇರುವ ವಾಸ್ತವವನ್ನು ಪ್ರವಾಸಿ ಗಮನಿಸದೆ ಇರಲಾರ. ಕ್ಯಾಂಪಿನ ಬೀದಿಗಳಲ್ಲಿ ಬೀಗ ಹಾಕಿದ ಮನೆಗಳಿವೆ. ಮುದುಕರಿದ್ದಾರೆ, ಮಕ್ಕಳಿದ್ದಾರೆ, ನಡುವಿನ ವಯಸ್ಸಿನವರು ವಿರಳ. ಓದಿದ ಯುವಜನ ಬೆಂಗಳೂರಿಗೆ, ಅಲ್ಲಿಂದ ಅಮೆರಿಕ, ಕೆನಡಾ, ಯುರೋಪಿಗೆ ಹೋಗುತ್ತಿದ್ದಾರೆ. 2009ರಲ್ಲಿ ಟಿಬೆಟನ್ ಆಡಳಿತವೇ ನಡೆಸಿದ ಗಣತಿಯಲ್ಲಿ ಭಾರತದಲ್ಲಿದ್ದ ಟಿಬೆಟನ್ನರ ಸಂಖ್ಯೆ 94 ಸಾವಿರ ದಾಟಿತ್ತು. ಹತ್ತು ವರ್ಷಗಳ ಬಳಿಕ ಕೇಂದ್ರ ಗೃಹ ಸಚಿವಾಲಯ ಕೊಟ್ಟ ಲೆಕ್ಕ 73 ಸಾವಿರದ ಆಸುಪಾಸು. 2008ರ ನಂತರ ಗಡಿ ಬಿಗಿಯಾಗಿ ಟಿಬೆಟ್‌ನಿಂದ ಹೊಸಬರು ಬರುವುದು ಬಹುಮಟ್ಟಿಗೆ ನಿಂತಿದೆ. ವಿಹಾರಗಳ ಕಿರಿಯ ಭಿಕ್ಷುಗಳಲ್ಲಿ ಈಗ ಲಡಾಖ್, ಅರುಣಾಚಲ, ನೇಪಾಳ, ಭೂತಾನ್‌ಗಳ ಮಕ್ಕಳೇ ಬಹಳ. ವಿಹಾರಗಳು ತುಂಬಿವೆ, ಮನೆಗಳು ಬರಿದಾಗುತ್ತಿವೆ.

ಏಕೆ ಹೋಗುತ್ತಾರೆ? ಆದಾಯ ಒಂದು ಕಾರಣ. ಅನಿಶ್ಚಿತತೆ ಅದಕ್ಕಿಂತ ದೊಡ್ಡ ಕಾರಣ. ಅವರು ಉಳುವ ಭೂಮಿ ಅವರದಲ್ಲ, ಗುತ್ತಿಗೆಯದು. ವಿದೇಶಿಯರ ನೋಂದಣಿ ಪತ್ರವನ್ನು ಕಾಲಕಾಲಕ್ಕೆ ನವೀಕರಿಸಿಕೊಳ್ಳಬೇಕು. ಸರ್ಕಾರಿ ನೌಕರಿಯ ಬಾಗಿಲು ಮುಚ್ಚಿದೆ. 1950ರ ಜನವರಿ 26ರಿಂದ 1987ರ ಜುಲೈ 1ರ ನಡುವೆ ಭಾರತದಲ್ಲಿ ಹುಟ್ಟಿದವರು ಜನ್ಮತಃ ಭಾರತೀಯರೆಂದು 2010ರಲ್ಲಿ ದೆಹಲಿ ಹೈಕೋರ್ಟ್ ಹೇಳಿತು; 2013ರಲ್ಲಿ ಕರ್ನಾಟಕ ಹೈಕೋರ್ಟ್ ಕೂಡ ಅದನ್ನೇ ಹೇಳಿತು. ಆದರೆ ಪೌರತ್ವ ಪಡೆದರೆ ಟಿಬೆಟ್‌ನ ಹಕ್ಕೊತ್ತಾಯ ಸಡಿಲವಾದೀತೆಂಬ ಆತಂಕ ಅವರಲ್ಲಿ ಅನೇಕರಿಗಿದೆ. ಉಳಿದರೆ ನಿರಾಶ್ರಿತರು, ಪೌರರಾದರೆ ದ್ರೋಹಿಗಳೇ ಎಂಬ ಇಕ್ಕಟ್ಟು. ಮೂರನೆಯ ದಾರಿಯಾಗಿ ಕಾಣುವುದು ವಿಮಾನ ನಿಲ್ದಾಣ.

ಪ್ರವಾಸೋದ್ಯಮ ಈ ಇಕ್ಕಟ್ಟನ್ನು ಬಿಡಿಸಲಾರದು. ಆದರೆ ಉಳಿಯಬಯಸುವವರಿಗೆ ಒಂದು ಆಸರೆಯಾಗಬಲ್ಲದು. ಇಂದಿನ ಒಂದು ಗಂಟೆಯ ಪ್ರವಾಸದಲ್ಲಿ ಪ್ರವಾಸಿಯ ಖರ್ಚಿನ ಬಹುಪಾಲು ವಸತಿಯ ಹೊರಗೇ ಉಳಿಯುತ್ತದೆ. ಒಳಗೆ ಬರುವುದು ದಟ್ಟಣೆ, ಹೊಗೆ ಮತ್ತು ಪ್ಲಾಸ್ಟಿಕ್. ಅವನೇ ಎರಡು ದಿನ ತಂಗಿದರೆ ಅತಿಥಿಗೃಹ, ಅಡುಗೆಮನೆ, ರತ್ನಗಂಬಳಿ ನೇಯುವವರು, ಮಾರ್ಗದರ್ಶಿ ಎಲ್ಲರಿಗೂ ಪಾಲು ಸಿಗುತ್ತದೆ. ವಿದೇಶಿಯರು ಇಲ್ಲಿ ತಂಗಲು ಗೃಹ ಸಚಿವಾಲಯದ ವಿಶೇಷ ಪರವಾನಗಿ ಬೇಕು. ಭಾರತೀಯರಿಗೆ ಆ ಅಡ್ಡಿಯಿಲ್ಲ. ಅಂದರೆ ಈ ಪ್ರವಾಸದ ಸಹಜ ಅತಿಥಿ ಕನ್ನಡಿಗನೇ.

ಸರ್ಕಾರ ಮಾಡಬಹುದಾದ ಕೆಲಸಗಳು ದುಬಾರಿಯವೇನಲ್ಲ. ವಸತಿಗಳ ಸಹಕಾರ ಸಂಘಗಳೊಡನೆ ಕೂಡಿ ಕ್ಯಾಂಪ್‌ಗಳ ನಡುವಿನ ಕಾಲುದಾರಿಗಳನ್ನು ಗುರುತಿಸಿ ಕನ್ನಡ ಮತ್ತು ಟಿಬೆಟನ್ ಭಾಷೆಗಳಲ್ಲಿ ಫಲಕ ಹಾಕಬಹುದು. ಟಿಬೆಟನ್ ಯುವಕರ ಜೊತೆಗೆ ಅಕ್ಕಪಕ್ಕದ ಹಳ್ಳಿಗಳ ಯುವಕರನ್ನೂ ಮಾರ್ಗದರ್ಶಿಗಳಾಗಿ ತರಬೇತುಗೊಳಿಸಬೇಕು. ಟಿಬೆಟನ್ನರ ಹೊಲಗಳಲ್ಲಿ ಇಂದು ದುಡಿಯುವವರು ಬಹುತೇಕ ಈ ಹಳ್ಳಿಯವರೇ; ಲಾಭದಲ್ಲಿ ಅವರಿಗೆ ಪಾಲಿಲ್ಲದಿದ್ದರೆ ಅಸಮಾಧಾನ ಹೊಗೆಯಾಡುವುದು ಸಹಜ. ಎಲ್ಲಕ್ಕಿಂತ ಮುಖ್ಯವಾಗಿ, 2014ರಲ್ಲಿ ಕೇಂದ್ರ ಹೊರಡಿಸಿದ ಟಿಬೆಟನ್ ಪುನರ್ವಸತಿ ನೀತಿಯಲ್ಲಿ 20 ವರ್ಷಗಳ ಭೂಗುತ್ತಿಗೆಯ ಮಾತಿದೆ. ಅದನ್ನು ಮನೆಮನೆಗೂ ತಲುಪಿಸಬೇಕು. ಕೈಯಲ್ಲಿ ಗಟ್ಟಿ ಕಾಗದವಿಲ್ಲದ ಕುಟುಂಬ ಸಾಲ ತಂದು ಎರಡು ಕೋಣೆ ಕಟ್ಟುವ ಧೈರ್ಯ ಮಾಡುವುದಾದರೂ ಹೇಗೆ?

ಪ್ರವಾಸಿಗೂ ಕೆಲವು ಮರ್ಯಾದೆಗಳಿವೆ. ಪೂಜೆಯಲ್ಲಿರುವ ಭಿಕ್ಷುವಿನ ಮುಖದೆದುರು ಕ್ಯಾಮೆರಾ ಹಿಡಿಯಬಾರದು. ಪುಟ್ಟ ಭಿಕ್ಷುಗಳು ಪ್ರದರ್ಶನದ ಗೊಂಬೆಗಳಲ್ಲ, ಪಾಠಕ್ಕೆ ಹೊರಟ ವಿದ್ಯಾರ್ಥಿಗಳು. ಫೆಬ್ರುವರಿ, ಮಾರ್ಚ್ ವೇಳೆಗೆ ಬರುವ ಹೊಸ ವರ್ಷ ಲೋಸರ್‌ನ ಆಸುಪಾಸಿನಲ್ಲಿ ಹೋದರೆ ಮುಖವಾಡದ ಛಾಮ್ ನೃತ್ಯವನ್ನು ನೋಡಬಹುದು. ಉಪ್ಪು ಬೆರೆಸಿದ ಬೆಣ್ಣೆ ಚಹಾ ಕೊಟ್ಟರೆ ಬೇಡವೆನ್ನದೆ ಗುಟುಕರಿಸಬೇಕು.

2025ರ ಜುಲೈನಲ್ಲಿ 90 ತುಂಬಿದ ದಲೈ ಲಾಮಾ, ತಮ್ಮ ಪೀಠದ ಪರಂಪರೆ ಮುಂದುವರಿಯುವುದೆಂದು ಅದೇ ತಿಂಗಳು ಘೋಷಿಸಿದರು. ಮುಂದಿನ ಆಯ್ಕೆಯ ಹಕ್ಕು ತನ್ನದೆಂದು ಚೀನಾ ಪಟ್ಟುಹಿಡಿದಿದೆ. ಈ ಹಗ್ಗಜಗ್ಗಾಟದಲ್ಲಿ ಬೈಲಕುಪ್ಪೆ, ಮುಂಡಗೋಡಗಳ ಮಹತ್ವ ಹೆಚ್ಚುವುದು ನಿಶ್ಚಿತ. ಏಕೆಂದರೆ ಒಂದು ಪರಂಪರೆ ಉಳಿಯುವುದು ಘೋಷಣೆಗಳಿಂದಲ್ಲ, ಅದನ್ನು ದಿನವೂ ಬಾಳುವ ಜನರಿಂದ. 1960ರಲ್ಲಿ ಈ ನಾಡು ಅವರನ್ನು ಅತಿಥಿಗಳಾಗಿ ಬರಮಾಡಿಕೊಂಡಿತು. ಅವರು ಕಾಡನ್ನು ಹೊಲ ಮಾಡಿದರು, ಹೊಲದ ನಡುವೆ ವಿದ್ಯಾಪೀಠ ಕಟ್ಟಿದರು. ಈಗ ಅವರ ಮನೆಗೆ ನಾವು ಅತಿಥಿಗಳಾಗಿ ಹೋಗುವ ಸರದಿ. ಬೀಗಗಳ ಸಂಖ್ಯೆ ಇನ್ನಷ್ಟು ಹೆಚ್ಚುವ ಮುನ್ನ ಹೋಗಿಬರುವುದು ಒಳಿತು.