ಗೆಳೆತನವೂ ಒಂದು ಪಥ್ಯ

ನಮ್ಮ ಪಟ್ಟದಕಲ್ಲಿನ ವಿರೂಪಾಕ್ಷ, ಮಲ್ಲಿಕಾರ್ಜುನ ದೇಗುಲಗಳನ್ನು 8ನೆಯ ಶತಮಾನದಲ್ಲಿ ಅಕ್ಕತಂಗಿಯರಾದ ಲೋಕಮಹಾದೇವಿ, ತ್ರೈಲೋಕ್ಯಮಹಾದೇವಿಯರು ಕಟ್ಟಿಸಿದರು. ಅವು ಇಂದಿಗೂ ಪಕ್ಕಪಕ್ಕದಲ್ಲಿವೆ. ಬಾಗಲಕೋಟೆ, ವಿಜಯಪುರಗಳಿಗೆ ಓದಲು ಹೋಗುವ ನಮ್ಮ ಹೆಣ್ಣುಮಕ್ಕಳೂ ವಿದ್ಯಾರ್ಥಿನಿಲಯಗಳಲ್ಲಿ ಒಡಹುಟ್ಟದ ಅಕ್ಕತಂಗಿಯರನ್ನು ಪಡೆಯುತ್ತಾರೆ. ಒಂದೇ ಪಂಕ್ತಿಯ ಪ್ರಸಾದ, ಜ್ವರ ಬಂದಾಗ ಕಾಯಿಸಿಕೊಟ್ಟ ಗಂಜಿ, ಪರೀಕ್ಷೆಯ ಮುನ್ನಾದಿನದ ಜಾಗರಣೆ ಇವುಗಳಿಂದ ಸ್ನೇಹ ಗಟ್ಟಿಗೊಳ್ಳುತ್ತದೆ. ಆದರೆ ವಿವಾಹಾನಂತರ ಆ ನಂಟು ಅನೇಕರಲ್ಲಿ ಕಡಿದುಹೋಗುತ್ತದೆ.

ನಿದ್ರಾಹೀನತೆ, ಅಗ್ನಿಮಾಂದ್ಯಗಳೆಂದು ಬರುವ ಗೃಹಿಣಿಯರನ್ನು ನಾವು ಕೇಳುವುದುಂಟು: "ತಾಯಿ, ಮನಬಿಚ್ಚಿ ಮಾತನಾಡಲು ಯಾರಿದ್ದಾರೆ?" ಹಲವರು ಮೌನವಾಗುತ್ತಾರೆ. ರೋಗವನ್ನು ಬೆಳೆಸುವವುಗಳಲ್ಲಿ ವಿಷಾದವೇ ಅಗ್ರವೆಂಬುದು ಚರಕಸಂಹಿತೆಯ ಅಭಿಪ್ರಾಯ. ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರನ್ನು ಒಂಟಿತನ ಬಾಧಿಸುತ್ತಿದೆಯೆಂದೂ ಅದು ಹೃದ್ರೋಗ, ಮಧುಮೇಹಗಳ ಅಪಾಯವನ್ನು ಹೆಚ್ಚಿಸುತ್ತದೆಯೆಂದೂ ವಿಶ್ವ ಆರೋಗ್ಯ ಸಂಸ್ಥೆಯ 2025ರ ವರದಿ ತಿಳಿಸಿದೆ.

ಆದುದರಿಂದ ಔಷಧವನ್ನು ತಪ್ಪಿಸದೆ ಈ ಪಥ್ಯವನ್ನೂ ಪಾಲಿಸಿರಿ. ಹಳೆಯ ಗೆಳತಿಗೆ ವಾರಕ್ಕೊಮ್ಮೆಯಾದರೂ ದೂರವಾಣಿ ಮಾಡಿರಿ. ಊರಿನಲ್ಲಿ ಅಕ್ಕನ ಬಳಗವಿದ್ದರೆ ಸೇರಿಕೊಳ್ಳಿರಿ. ಜಾತ್ರೆಯ ಸಮಯದಲ್ಲಿ ಒಬ್ಬರನ್ನೊಬ್ಬರು ಮನೆಗೆ ಕರೆಯಿರಿ. ಅತ್ತೆಯಂದಿರಲ್ಲಿ ನಮ್ಮದೊಂದು ವಿನಂತಿ: ಸೊಸೆಯ ಗೆಳತಿ ಬಾಗಿಲಿಗೆ ಬಂದಾಗ ಮಗಳು ತವರಿಗೆ ಬಂದಳೆಂದೇ ಬರಮಾಡಿಕೊಳ್ಳಿರಿ, ಅವರಿಬ್ಬರಿಗೆ ಒಂದು ಗಳಿಗೆಯ ಬಿಡುವು ಕೊಡಿರಿ.