ದೂರದ ಬೆಟ್ಟ ನುಣ್ಣಗಲ್ಲದ ಊರು

‘ದೂರದ ಬೆಟ್ಟ ನುಣ್ಣಗೆ’ ಎಂಬ ಗಾದೆ ಕಟ್ಟಿದ ನಮ್ಮ ಹಿರಿಯರು ಖಂಡಿತ ಲಡಾಖಿಗೆ ಹೋದವರಲ್ಲ. ಅಲ್ಲಿನ ಗಾಳಿ ಎಷ್ಟು ತಿಳಿ ಎಂದರೆ, ಹತ್ತು ಹದಿನೈದು ಮೈಲಿ ಆಚೆಗಿರುವ ಬೆಟ್ಟದ ಒಂದೊಂದು ಬಿರುಕೂ, ಒಂದೊಂದು ಮಡಿಕೆಯೂ ಇಸ್ತ್ರಿ ಕಾಣದ ಸೀರೆಯ ನೆರಿಗೆಯ ಹಾಗೆ ಎದ್ದು ಕಾಣುತ್ತದೆ. ‘ಇಲ್ಲೇ ಇದೆಯಲ್ಲ, ಕಾಫಿಗೆ ಮುಂಚೆ ಹೋಗಿ ಬಂದುಬಿಡೋಣ’ ಅನ್ನಿಸುತ್ತದೆ. ಹೊರಟು ನೋಡಿ! ಅರ್ಧ ದಿನ ನಡೆದರೂ ಬೆಟ್ಟ ಇದ್ದಲ್ಲೇ ಇರುತ್ತದೆ, ನಮ್ಮ ಉಸಿರು ಮಾತ್ರ ಇದ್ದಲ್ಲಿ ಇರುವುದಿಲ್ಲ. ಆ ನಾಡಿನಲ್ಲಿ ದೂರ ಎಂಬುದು ಕಣ್ಣಿಗೆ ಮೋಸ ಮಾಡುತ್ತದೆ. ಕ್ಯಾಮೆರಾ ಹಿಡಿದು ಹೋಗುವವರು ಮೊದಲು ತಿಳಿಯಬೇಕಾದ್ದು ಇದನ್ನೇ.

ಮರುಭೂಮಿ ಎಂದೊಡನೆ ನಮಗೆ ನೆನಪಾಗುವುದು ಮರಳು, ಒಂಟೆ, ಬೆಂಕಿಯಂಥ ಬಿಸಿಲು. ಲಡಾಖಿನದು ತಣ್ಣನೆಯ ಮರುಭೂಮಿ. ದಕ್ಷಿಣದಿಂದ ಹೋಗುವ ಮಳೆಮೋಡಗಳನ್ನು ಹಿಮಾಲಯ ತನ್ನ ಈಚೆಯ ಮಗ್ಗುಲಲ್ಲೇ ತಡೆದು ಬರಿದು ಮಾಡಿಬಿಡುತ್ತದೆ. ಆಚೆಯ ಲೇಹ್ ಪಟ್ಟಣಕ್ಕೆ ವರ್ಷವಿಡೀ ಸೇರಿ ಬೀಳುವುದು ಸುಮಾರು 10 ಸೆಂಟಿಮೀಟರ್. ನಮ್ಮಲ್ಲಿ ಒಂದು ಜೋರು ಮಳೆಯ ದಿನ ಬೀಳುವಷ್ಟು, ಅಷ್ಟೇ. ಲೇಹ್‌ನಿಂದ ಸಿಂಧೂ ನದಿಯ ದಂಡೆ ಹಿಡಿದು ಆಗ್ನೇಯಕ್ಕೆ 250 ಕಿಲೋಮೀಟರಿಗೂ ಹೆಚ್ಚು ಹೋದರೆ ಹಾನ್ಲೆ ಎಂಬ ಹಳ್ಳಿ ಸಿಗುತ್ತದೆ. ಈ ಸೀಮೆಗೆ ಚಾಂಗ್‌ಥಾಂಗ್ ಎಂದು ಹೆಸರು, ಅಂದರೆ ಉತ್ತರದ ಬಯಲು. ಟಿಬೆಟ್ಟಿನವರೆಗೂ ಹಬ್ಬಿದ ಬಯಲು ಅದು. ಹಾನ್ಲೆಯ ಎತ್ತರ ಸಮುದ್ರಮಟ್ಟದಿಂದ ಸುಮಾರು 4,300 ಮೀಟರ್, ನಮ್ಮ ಹಳೆಯ ಲೆಕ್ಕದಲ್ಲಿ 14,000 ಅಡಿ.

2024ರ ಜೂನ್ ಕೊನೆಗೆ ನಮ್ಮವರು, ನಾದಿನಿ, ನಾನು ಮೂವರೂ ಅಲ್ಲಿಗೆ ಹೊರಟೆವು. ಊರಿನಲ್ಲಿ ಮದುವೆ ಮುಂಜಿಯ ಫೋಟೋ ತೆಗೆಯುವ ನನ್ನ ತಮ್ಮ ತನ್ನ ಹಳೆಯ ಕ್ಯಾಮೆರಾ, ದೂರದ್ದನ್ನು ಹತ್ತಿರ ತೋರಿಸುವ ಒಂದು ಲೆನ್ಸು, ಮೂರು ಕಾಲಿನ ಸ್ಟ್ಯಾಂಡು ಕೊಟ್ಟು ಎರಡು ತಿಂಗಳು ಪಾಠ ಹೇಳಿದ್ದ. ಎಸ್ಸೆಸ್ಸೆಲ್ಸಿಗೆ ಓದು ನಿಲ್ಲಿಸಿದವಳು ಕಲಿಯಬಲ್ಲಳೇ ಎಂದು ಕೇಳಿದವರುಂಟು. ಪಾಕ ಯಾವ ಎಳೆಗೆ ಬಂದಿದೆ ಎಂದು ಕಣ್ಣಳತೆಯಲ್ಲಿ ಹೇಳುವ ನಮಗೆ ಬೆಳಕಿನ ಹದ ನೋಡುವುದೇನು ಮಹಾ ಬಿಡಿ!

ಮೊದಲು ದೇಹ, ಆಮೇಲೆ ಫೋಟೋ

ವಿಮಾನದಲ್ಲಿ ಹೋದರೆ ಒಂದೇ ಬೆಳಿಗ್ಗೆಯಲ್ಲಿ 11,500 ಅಡಿ ಎತ್ತರದ ಲೇಹ್‌ನಲ್ಲಿ ಇಳಿಯುತ್ತೇವೆ. ದೇಹಕ್ಕೆ ಅದು ಗೊತ್ತಾಗುವುದು ಸಂಜೆಗೆ. ತಲೆನೋವು, ಹೊಟ್ಟೆ ತೊಳಸು, ನಿದ್ದೆ ಬಾರದಿರುವುದು ಇವೆಲ್ಲ ಶುರು. ಕಡೇಪಕ್ಷ ಎರಡು ಪೂರ್ತಿ ದಿನ ಲೇಹ್‌ನಲ್ಲಿ ಸುಮ್ಮನೆ ಬಿದ್ದುಕೊಂಡಿರಬೇಕು. ನಮಗೆ ಟೂರಿನವರು ಕೊಟ್ಟ ಪಟ್ಟಿಯಲ್ಲಿ ಮೂರನೆಯ ದಿನವೇ ಹಾನ್ಲೆ ಎಂದಿತ್ತು. ನಾನು ಹಠ ಹಿಡಿದು ಲೇಹ್‌ನಲ್ಲಿ ಇನ್ನೊಂದು ರಾತ್ರಿ, ದಾರಿಯಲ್ಲಿ ಬಿಸಿನೀರಿನ ಬುಗ್ಗೆಗಳಿರುವ ಚುಮಾಥಾಂಗ್‌ನಲ್ಲಿ ಒಂದು ರಾತ್ರಿ ಸೇರಿಸಿದೆ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಬಾರದು ಎಂದು ವೈದ್ಯರು ಹೇಳುತ್ತಾರೆ. ಹಣ ಕೊಟ್ಟಿದ್ದೇವೆ, ದಿನ ದಂಡ ಎನ್ನುವ ಲೆಕ್ಕ ಅಲ್ಲಿ ನಡೆಯದು.

ಕೂತಲ್ಲೇ ಏದುಸಿರು ಬಂದರೆ, ಕೆಮ್ಮು ಬಿಡದಿದ್ದರೆ, ನಡೆಯುವಾಗ ತೂರಾಡಿದರೆ, ಮಾತು ತೊದಲಿದರೆ ಬೆಳಗಾಗಲಿ ಎಂದು ಕಾಯಬೇಡಿ. ತಕ್ಷಣ ಕೆಳಗಿಳಿಯಬೇಕು, ಇದು ಜೀವದ ಪ್ರಶ್ನೆ. ಎತ್ತರಕ್ಕೆಂದು ಕೊಡುವ ಅಸಿಟಜೋಲಮೈಡ್ ಮಾತ್ರೆಯನ್ನು ಅಂಗಡಿಯಿಂದ ತಂದು ನುಂಗದೆ ನಿಮ್ಮ ವೈದ್ಯರನ್ನು ಕೇಳಿ. ಸಲ್ಫಾ ಔಷಧಿ ಒಗ್ಗದವರು ಅದನ್ನು ಮೊದಲೇ ಹೇಳಬೇಕು. ರಕ್ತದೊತ್ತಡ, ಹೃದಯದ ತೊಂದರೆ, ಆಸ್ತಮಾ ಇರುವವರಂತೂ ಟಿಕೆಟ್ಟಿಗೆ ಮೊದಲೇ ವೈದ್ಯರ ಬಳಿ ಹೋಗಬೇಕು.

ಹಾನ್ಲೆಯಲ್ಲಿ ಹಳ್ಳಿಯವರ ಮನೆಯಲ್ಲೇ ಇಳಿದುಕೊಂಡೆವು. ಅಡುಗೆಮನೆ ನೋಡದೆ ನನಗೆ ಸಮಾಧಾನವಿಲ್ಲ. ಒಲೆಯ ಪಕ್ಕ ಪ್ರೆಷರ್ ಕುಕ್ಕರ್ ಕಂಡು ತವರು ಕಂಡಷ್ಟು ಸಂತೋಷವಾಯಿತು! ಅಲ್ಲಿ ಕುಕ್ಕರಿಲ್ಲದೆ ಆಗುವುದಿಲ್ಲವಂತೆ. ಗಾಳಿಯ ಒತ್ತಡ ನಮ್ಮ ಕರಾವಳಿಯ ಐದರಲ್ಲಿ ಮೂರು ಪಾಲು ಮಾತ್ರ. ಆದ್ದರಿಂದ ನೀರು ಸುಮಾರು 86 ಡಿಗ್ರಿಗೇ ಕೊತಕೊತ ಕುದಿಯುತ್ತದೆ, ಬೇಳೆ ಮಾತ್ರ ಬೇಯುವುದೇ ಇಲ್ಲ. ಮನೆಯೊಡತಿ ಉಪ್ಪು ಬೆಣ್ಣೆ ಹಾಕಿ ಕಡೆದ ಚಹಾ ಕೊಟ್ಟಳು. ಚಹಾ ಎಂದುಕೊಂಡು ಕುಡಿದರೆ ಕಷ್ಟ, ಸಾರು ಎಂದುಕೊಂಡು ಕುಡಿದರೆ ಬಲು ರುಚಿ. ನಾವು ಒಯ್ದಿದ್ದ ಅವಲಕ್ಕಿ, ಚಟ್ನಿಪುಡಿ ಅವಳ ಮಕ್ಕಳಿಗೆ ಹಿಡಿಸಿ ಎರಡೇ ದಿನದಲ್ಲಿ ಡಬ್ಬಿ ಖಾಲಿ. ಅಲ್ಲಿ ನೀರು ಹಾಕದ ಒಣ ಪಾಯಖಾನೆ. ಮೂಗು ಮುರಿಯಬೇಡಿ. ಮಳೆಯಿಲ್ಲದ ಊರಿನಲ್ಲಿ ನಾವು ಬಕೆಟ್ಟುಗಟ್ಟಲೆ ನೀರು ಸುರಿದರೆ ಅವರ ಬಾರ್ಲಿ ಹೊಲಕ್ಕೆ ಎಲ್ಲಿಂದ ಬರಬೇಕು?

ಹತ್ತಿರ ಹೋಗುವ ಚಪಲ

ಫೋಟೋ ತೆಗೆಯುವವರಿಗೆಲ್ಲ ಒಂದು ಚಪಲ ಇರುತ್ತದೆ, ಇನ್ನೊಂದು ಹೆಜ್ಜೆ ಹತ್ತಿರ, ಇನ್ನೂ ಒಂದು ಹೆಜ್ಜೆ. ಮದುವೆ ಮನೆಯಲ್ಲಿ ಆದೀತು. ಚಾಂಗ್‌ಥಾಂಗ್‌ನಲ್ಲಿ ಆ ಹೆಜ್ಜೆಗೆ ಬೆಲೆ ತೆರುವುದು ಬೇರೆಯವರು.

ಕಿಯಾಂಗ್ ಎಂಬ ಕಾಡುಕತ್ತೆಯನ್ನೇ ನೋಡಿ. ಕತ್ತೆ ಎಂದರೆ ಅವಮಾನ, ಕುದುರೆಯ ಗತ್ತು ಅದಕ್ಕೆ. ಬೆನ್ನು ಕೆಂಗಂದು, ಹೊಟ್ಟೆ ಹಾಲುಬಿಳುಪು. ಜೀಪು ಕಂಡರೆ ಕೆಲವೊಮ್ಮೆ ಅದರ ಜೊತೆಜೊತೆಗೇ ಓಡುತ್ತವೆ. ಪಂದ್ಯಕ್ಕೆ ಕರೆಯುತ್ತಿವೆ ಎಂದು ಗಾಡಿಯನ್ನು ರಸ್ತೆ ಬಿಟ್ಟು ಬಯಲಿಗಿಳಿಸಿ ಅಟ್ಟಿಸಿಕೊಂಡು ಹೋಗುವವರನ್ನು ಕಣ್ಣಾರೆ ಕಂಡೆವು. ಅಲ್ಲಿ ಹುಲ್ಲು ಚಿಗುರುವುದು ವರ್ಷದಲ್ಲಿ ಮೂರ್ನಾಲ್ಕು ತಿಂಗಳು. ಅಷ್ಟರಲ್ಲಿ ಮೈ ತುಂಬಿಕೊಂಡ ಪ್ರಾಣಿ ಮಾತ್ರ ಚಳಿಗಾಲ ದಾಟುತ್ತದೆ. ಅದರ ಮೈಯ ಕಸುವನ್ನು ನಾವು ಓಡಿಸಿ ಕರಗಿಸುತ್ತೇವೆ, ಒಂದು ಫೋಟೋಗಾಗಿ. ಚಕ್ರ ಹಾದ ಜಾಗದಲ್ಲಿ ಹುಲ್ಲು ಮತ್ತೆ ಬರಲು ವರ್ಷಗಳೇ ಬೇಕು. ನಮ್ಮ ಡ್ರೈವರ್ ಒಳ್ಳೆಯ ಮನುಷ್ಯ, ರಸ್ತೆ ಬಿಟ್ಟು ಗಾಡಿ ಇಳಿಸುವುದಿಲ್ಲ ಎಂದು ಲೇಹ್‌ನಲ್ಲೇ ಹೇಳಿಬಿಟ್ಟಿದ್ದ. ಎಂಜಿನ್ ನಿಲ್ಲಿಸಿ ಮುಕ್ಕಾಲು ಗಂಟೆ ಕೂತೆವು. ಕಿಯಾಂಗ್‌ಗಳು ನಮ್ಮನ್ನು ಮರೆತು ಮೇಯುತ್ತ ಬಂದವು, ಒಂದು ಮರಿ ಉರುಳಾಡಿ ಧೂಳೆಬ್ಬಿಸಿತು. ಫೋಟೋದಲ್ಲಿ ಅವು ಹೆಬ್ಬೆಟ್ಟಿನಷ್ಟೇ ಇವೆ, ಹಿಂದೆ ಇಡೀ ಬೆಟ್ಟಸಾಲು ಇದೆ. ನನಗೆ ಅದೇ ಚೆಂದ. ಬರೀ ಮುಖ ಬೇಕಾದರೆ ಮೃಗಾಲಯವಿದೆಯಲ್ಲ!

ಕಪ್ಪು ಕತ್ತಿನ ಕೊಕ್ಕರೆಯ ವಿಷಯ ಇನ್ನೂ ಸೂಕ್ಷ್ಮ. ನಾಲ್ಕಡಿಗೂ ಮೀರಿದ ಎತ್ತರ, ತಲೆಯ ಮೇಲೆ ಕುಂಕುಮದಂಥ ಕೆಂಪು. 2021ರಲ್ಲಿ ಲಡಾಖಿನ ಆಡಳಿತ ಇದನ್ನು ತನ್ನ ರಾಜ್ಯಪಕ್ಷಿ ಎಂದು ಸಾರಿತು. ಬೇಸಿಗೆಗೆ ಬಂದು ಜೌಗಿನ ನಡುವಿನ ದಿಬ್ಬದಲ್ಲಿ ಗೂಡು ಮಾಡಿ ಸಾಮಾನ್ಯವಾಗಿ ಎರಡು ಮೊಟ್ಟೆ ಇಡುತ್ತದೆ. ಗಂಡೂ ಹೆಣ್ಣೂ ಸರದಿಯಲ್ಲಿ ಸುಮಾರು ಒಂದು ತಿಂಗಳು ಕಾವು ಕೊಡುತ್ತವೆ. (ನಮ್ಮವರಿಗೆ ಇದನ್ನು ಎರಡು ಸಲ ಓದಿ ಹೇಳಿದೆ!) ನಾವು ಜೌಗಿನ ಅಂಚಿಗೆ ಹೋದರೆ ಹಕ್ಕಿ ಗೂಡು ಬಿಟ್ಟು ಏಳುತ್ತದೆ. ಆ ಚಳಿಯಲ್ಲಿ ಮೊಟ್ಟೆ ತಣ್ಣಗಾಗಲು ಎಷ್ಟು ಹೊತ್ತು ಬೇಕು? ಅಷ್ಟರಲ್ಲಿ ನಾಯಿ ಬಂದರೆ ಮುಗಿಯಿತು. ಬೀದಿನಾಯಿಗಳು ಇಲ್ಲಿ ಕೊಕ್ಕರೆಯ ದೊಡ್ಡ ಶತ್ರು. ಅವು ಹೆಚ್ಚಿದ್ದು ಶಿಬಿರಗಳ, ಹೋಟೆಲುಗಳ ಎಂಜಲಿನಿಂದ. ಹಾಗಾಗಿ ಉಳಿದ ಊಟವನ್ನು ‘ಪಾಪ, ತಿನ್ನಲಿ’ ಎಂದು ಹೊರಗೆ ಚೆಲ್ಲಬೇಡಿ. ಡಬ್ಬಿಯಲ್ಲಿ ತುಂಬಿ ಲೇಹ್‌ಗೆ ತನ್ನಿ.

ಹಾನ್ಲೆಯಲ್ಲಿ ಈಗ ಫೋಟೋಗಾರರೆಲ್ಲ ಮುಗಿಬೀಳುವುದು ಪಲ್ಲಾಸನ ಬೆಕ್ಕಿಗೆ. ನಮ್ಮ ಮನೆಯ ಬೆಕ್ಕಿನಷ್ಟೇ ಗಾತ್ರ, ಕಂಬಳಿ ಹೊದ್ದಂಥ ರೋಮ, ತಲೆಯ ಪಕ್ಕಕ್ಕೆ ಇಳಿದ ಗುಂಡು ಕಿವಿ, ಸದಾ ಸಿಟ್ಟಾದ ಅತ್ತೆಯ ಮುಖ. ಬಂಡೆಗಳ ಸಂದಿನಲ್ಲಿ ಮರಿ ಮಾಡುತ್ತದೆ. ಒಂದು ಬಂಡೆಯ ಸುತ್ತ ಒಂಬತ್ತು ಗಾಡಿ ನಿಂತಿದ್ದವು, ನಾನೇ ಎಣಿಸಿದೆ. ಕೋವಿಯ ಹಾಗೆ ಲೆನ್ಸು ಹಿಡಿದವರು. ಬೆಕ್ಕು ಬಂಡೆಗೆ ಅಂಟಿ ಅಲುಗಾಡದೆ ಬಿದ್ದಿತ್ತು. ‘ನೋಡಿ, ಹೆದರಿಕೆಯೇ ಇಲ್ಲ’ ಎಂದರು ಒಬ್ಬರು. ನಮ್ಮ ಜೊತೆಗಿದ್ದ ಹಳ್ಳಿಯ ಹುಡುಗ ಮೆಲ್ಲಗೆ ಹೇಳಿದ: ಇದು ಬಹಳ ಓಡಬಲ್ಲ ಪ್ರಾಣಿಯಲ್ಲ, ಹೆದರಿದಾಗಲೇ ಹೀಗೆ ಕಲ್ಲಾಗುತ್ತದೆ. ಅಷ್ಟು ಹೊತ್ತು ಅದು ಬೇಟೆಗೂ ಹೋಗದು, ಮರಿಗಳ ಹತ್ತಿರಕ್ಕೂ ಹೋಗದು. ನಾನು ಲೆನ್ಸಿಗೆ ಮುಚ್ಚಳ ಹಾಕಿದೆ. ನಾದಿನಿಗೆ ಸ್ವಲ್ಪ ಬೇಸರವಾಯಿತು, ಅಷ್ಟು ದೂರ ಬಂದು ಒಂದಾದರೂ ಬೇಡವೇ ಎಂದಳು. ನನಗೆ ಬೇಡವೆನಿಸಿತು. ಸುಮ್ಮನೆ ಬಿದ್ದಿರುವುದನ್ನೆಲ್ಲ ಒಪ್ಪಿಗೆ ಎಂದು ತಿಳಿಯುವವರನ್ನು ನಾವು ಹೆಂಗಸರು ಬೇರೆ ಕಡೆಯೂ ಕಂಡಿದ್ದೇವೆ.

ಮಣ್ಣೆತ್ತಿನ ಅಮಾವಾಸ್ಯೆಯ ರಾತ್ರಿ

ಜುಲೈ 5, ಶುಕ್ರವಾರ. ಊರಿನಲ್ಲಿ ಮಣ್ಣೆತ್ತಿಗೆ ಪೂಜೆಯಾಗುವ ದಿನ. ‘ಹಬ್ಬ ಬಿಟ್ಟು ಹೋಗ್ತೀರಾ’ ಎಂದು ಅತ್ತೆಯವರು ಗೊಣಗಿದ್ದರು. ಆದರೆ ನಕ್ಷತ್ರ ನೋಡಲು ಅಮಾವಾಸ್ಯೆಯೇ ಆಗಬೇಕು. 2022ರ ಡಿಸೆಂಬರಿನಲ್ಲಿ ಹಾನ್ಲೆಯ ಸುತ್ತ 1,073 ಚದರ ಕಿಲೋಮೀಟರನ್ನು ಕತ್ತಲೆಯ ಆಕಾಶದ ಮೀಸಲು ಪ್ರದೇಶ ಎಂದು ಘೋಷಿಸಿದ್ದಾರೆ. ಕಾಡಿನಂತೆ ಕತ್ತಲೆಗೂ ಕಾವಲು! ಕಿಟಕಿಗೆ ದಪ್ಪ ಪರದೆ, ಬೀದಿ ದೀಪಕ್ಕೆ ಮರೆ, ಗಾಡಿಗಳ ದೊಡ್ಡ ದೀಪಕ್ಕೆ ಕಡಿವಾಣ. ಪ್ರವಾಸಿಗಳಿಗೆ ನಕ್ಷತ್ರ ತೋರಿಸಲು ಹಳ್ಳಿಯವರಿಗೇ ಚಿಕ್ಕ ದೂರದರ್ಶಕ ಕೊಟ್ಟು ತರಬೇತಿ ಮಾಡಿದ್ದಾರೆ, ಅವರಲ್ಲಿ ಹೆಂಗಸರೇ ಹೆಚ್ಚು.

ಊರ ಮೇಲಿನ ಗುಡ್ಡದಲ್ಲಿ 4,500 ಮೀಟರ್ ಎತ್ತರದಲ್ಲಿ ಹಿಮಾಲಯನ್ ಚಂದ್ರ ದೂರದರ್ಶಕವಿದೆ. ಎರಡು ಮೀಟರ್ ಅಗಲದ ಕನ್ನಡಿ, 2000ದಲ್ಲಿ ಮೊದಲ ಸಲ ಆಕಾಶ ಕಂಡಿತು. ನಮ್ಮ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯದು ಅದು. ಇನ್ನೂ ಸೋಜಿಗ ಕೇಳಿ. ಅದನ್ನು ತಿರುಗಿಸಿ ನೋಡುವವರು ಕೂತಿರುವುದು ಹೊಸಕೋಟೆಯ ಹತ್ತಿರ, ಉಪಗ್ರಹದ ಮೂಲಕ! ಕೋಲಾರಕ್ಕೆ ಬಸ್ಸಿನಲ್ಲಿ ಹೋಗುವಾಗ ನಾವು ದಾಟುವ ಅದೇ ಹೊಸಕೋಟೆ.

ರಾತ್ರಿ ಹತ್ತಕ್ಕೆ ದಕ್ಷಿಣದಲ್ಲಿ ವೃಶ್ಚಿಕ ನಿಂತಿತ್ತು. ದೂರದರ್ಶಕದ ಹುಡುಗಿ ಅದರ ಎದೆಯ ಕೆಂಪು ಚುಕ್ಕಿ ತೋರಿಸಿದಳು, ನಮ್ಮ ಪಂಚಾಂಗದ ಜ್ಯೇಷ್ಠಾ. ಬಾಲದ ತುದಿಯಲ್ಲಿ ಮೂಲಾ. ಮೂಲಾ ನಕ್ಷತ್ರದವಳು ಎಂದು ಎಷ್ಟು ಹುಡುಗಿಯರ ಸಂಬಂಧ ತಪ್ಪಿಲ್ಲ ನಮ್ಮಲ್ಲಿ! ಜಾತಕ ವಾಪಸು ಕಳಿಸಿದವರಲ್ಲಿ ಎಷ್ಟು ಜನ ತಲೆಯೆತ್ತಿ ಅದನ್ನು ನೋಡಿದ್ದಾರೋ. ಜೋಡಿ ದೀಪದ ಹಾಗೆ ಅಷ್ಟು ಚೆಂದ ಮಿನುಗುತ್ತಿತ್ತು, ಆಕಾಶಗಂಗೆಯ ಅಂಚಿನಲ್ಲಿ.

ಇದರ ಫೋಟೋಕ್ಕೆ ದೊಡ್ಡ ಲೆನ್ಸು ಬೇಡ. ಅಗಲವಾಗಿ ಕಾಣುವ ಲೆನ್ಸು, ಸ್ಟ್ಯಾಂಡು, ಐಎಸ್‌ಒ 3200, ಲೆನ್ಸಿನ ಬಾಯಿ ಪೂರಾ ತೆರೆದು 15 ಸೆಕೆಂಡು. ಹೆಚ್ಚು ಹೊತ್ತು ಬಿಟ್ಟರೆ ಭೂಮಿ ತಿರುಗುವುದರಿಂದ ಚುಕ್ಕಿಗಳು ಎಳೆಯಾಗುತ್ತವೆ, ಚುಕ್ಕಿ ರಂಗೋಲಿ ಹೋಗಿ ಎಳೆ ರಂಗೋಲಿ. ಫೋಕಸನ್ನು ಕೈಯಲ್ಲೇ ಹೊಳೆಯುವ ಒಂದು ನಕ್ಷತ್ರಕ್ಕೆ ಹೊಂದಿಸಿ. ಗುಂಡಿ ಒತ್ತಿದಾಗ ಕ್ಯಾಮೆರಾ ನಡುಗದಂತೆ ಎರಡು ಸೆಕೆಂಡಿನ ಟೈಮರ್ ಇಡಿ. ಬ್ಯಾಟರಿ ಚಳಿಗೆ ಬೇಗ ಸೊರಗುತ್ತದೆ, ಇನ್ನೊಂದನ್ನು ಸ್ವೆಟರಿನ ಒಳಗೆ ಮೈಗೆ ತಾಗಿಸಿಟ್ಟುಕೊಳ್ಳಿ. ಮನೆಯೊಳಗೆ ಬಂದ ತಕ್ಷಣ ಕ್ಯಾಮೆರಾ ಚೀಲ ಬಿಚ್ಚಬೇಡಿ, ಬೆಚ್ಚನೆಯ ಗಾಳಿಗೆ ಗಾಜು ಬೆವರುತ್ತದೆ. ಟಾರ್ಚಿಗೆ ಕೆಂಪು ಕಾಗದ ಸುತ್ತಿ. ಹಗಲಿನಲ್ಲಿ ಬೆಳಿಗ್ಗೆ ಎಂಟರೊಳಗೆ, ಸಂಜೆ ಐದರ ಮೇಲೆ ತೆಗೆದದ್ದೇ ಚಿತ್ರ. ನಡುಹಗಲ ಬಿಸಿಲು ಎಲ್ಲವನ್ನೂ ಹಪ್ಪಳ ಮಾಡುತ್ತದೆ, ನಮ್ಮ ಮುಖವನ್ನೂ! ಸೇನೆಯ ಶಿಬಿರ, ಸೇತುವೆಗಳ ಕಡೆ ಕ್ಯಾಮೆರಾ ತಿರುಗಿಸಬೇಡಿ. ಗಡಿಯ ಸೀಮೆಯಾದ್ದರಿಂದ ಪರವಾನಗಿಯ ನಿಯಮ ಬದಲಾಗುತ್ತಿರುತ್ತವೆ, ಲೇಹ್‌ನಲ್ಲೇ ವಿಚಾರಿಸಿ.

19,000 ಅಡಿ ದಾಟಿದ ಉಮ್ಲಿಂಗ್ ಲಾಕ್ಕೂ ಅಲ್ಲಿಂದಲೇ ರಸ್ತೆಯಿದೆ. ನಮ್ಮವರಿಗೆ ಆಸೆಯಿತ್ತು. ಆದರೆ ಆ ಬೆಳಿಗ್ಗೆ ನಾದಿನಿಗೆ ತಲೆ ಭಾರವಾಗಿತ್ತು, ಬಿಟ್ಟುಬಿಟ್ಟೆವು.

ಹೊರಡುವ ಮುನ್ನ ಮನೆಯೊಡತಿ ಫೋಟೋ ನೋಡಬೇಕೆಂದಳು. ಕ್ಯಾಮೆರಾದ ಪುಟ್ಟ ತೆರೆಯಲ್ಲಿ ಒಂದೊಂದೇ ತೋರಿಸಿದೆ. ಆಕಾಶಗಂಗೆಗೆ ತಲೆಯಾಡಿಸಿದಳು, ಕೊಕ್ಕರೆಗೆ ನಕ್ಕಳು. ಬರೀ ಬೆಟ್ಟದ ಇಳಿಜಾರು ಎಂದು ನಾನೇ ಅಳಿಸಬೇಕೆಂದಿದ್ದ ಒಂದು ಚಿತ್ರ ಬಂದಾಗ ನನ್ನ ಕೈ ತಡೆದಳು. ದೊಡ್ಡದು ಮಾಡು, ಇನ್ನೂ ದೊಡ್ಡದು, ಎಂದು ಸನ್ನೆ. ಮಾಡಿದೆ. ಬಿಳಿ ಕಲ್ಲುಗಳೆಂದು ನಾನು ತಿಳಿದದ್ದು ಆಡುಗಳು, ಪಶ್ಮೀನಾ ಉಣ್ಣೆಯ ಆಡುಗಳು. ವಸಂತ ಕಳೆಯುವಾಗ ಬಾಚಣಿಗೆಯಿಂದ ಬಾಚಿ ಒಳರೋಮ ತೆಗೆಯುತ್ತಾರಲ್ಲ, ಅವೇ. ಅವಳು ಉಗುರಿನ ತುದಿ ಇಟ್ಟು ತನ್ನ ಭಾಷೆಯಲ್ಲಿ ಎಣಿಸತೊಡಗಿದಳು. ಎರಡು ಸಲ ಎಣಿಸಿ, ಒಂದು ಕಡೆ ತಡೆದು, ಹೊರಗೆ ಬಂಡೆಯ ಮೇಲೆ ಕೂತಿದ್ದ ಗಂಡನನ್ನು ಕೂಗಿ ಕರೆದಳು. ಅವರಿಬ್ಬರೂ ಕ್ಯಾಮೆರಾ ಹಿಡಿದುಕೊಂಡು ಬಹಳ ಹೊತ್ತು ಆ ಇಳಿಜಾರಿನ ಬಗ್ಗೆ ಮಾತಾಡಿದರು. ನಮ್ಮ ಡ್ರೈವರ್ ಹಾರ್ನ್ ಮಾಡಿದ ಮೇಲೆಯೇ ಅದನ್ನು ವಾಪಸು ಕೊಟ್ಟದ್ದು.