ಪಿಯುಸಿ ಅಂಕಗಳಲ್ಲಿ ಏರುಪೇರು, ಸಿಇಟಿಯಲ್ಲಿ ಉತ್ತಮ ಅಂಕ: ಎಂಜಿನಿಯರಿಂಗ್ ಪ್ರವೇಶದ ಅವಕಾಶಗಳು

ದ್ವಿತೀಯ ಪಿಯುಸಿಯ ಒಂದು ವಿಷಯದಲ್ಲಿ ಕಡಿಮೆ ಅಂಕ ಬಂದು, ಸಾಮಾನ್ಯ ಪ್ರವೇಶ ಪರೀಕ್ಷೆಯಲ್ಲಿ (ಸಿಇಟಿ) ಉತ್ತಮ ಅಂಕ ಗಳಿಸಿದ ಅಭ್ಯರ್ಥಿಗಳು ಪ್ರತಿ ವರ್ಷವೂ ಇರುತ್ತಾರೆ. ಇವರಲ್ಲಿ ಕೆಲವರು ಸೀಟು ದೊರೆಯಲಾರದೆಂದು ಭಾವಿಸಿ ಪ್ರಕ್ರಿಯೆಯಿಂದಲೇ ಹಿಂದೆ ಸರಿಯುತ್ತಾರೆ. ಮತ್ತೆ ಕೆಲವರು ಸಿಇಟಿ ಒಂದನ್ನೇ ನಂಬಿ ಪಿಯುಸಿಯನ್ನು ಕಡೆಗಣಿಸುತ್ತಾರೆ. ಈ ಎರಡೂ ನಿಲುವುಗಳು ಸರಿಯಲ್ಲ. ಅಭ್ಯರ್ಥಿಗಳು ಹಾಗೂ ಪೋಷಕರ ತಿಳಿವಳಿಕೆಗಾಗಿ ನಿಯಮದ ವಿವರಗಳನ್ನು ಇಲ್ಲಿ ನೀಡಲಾಗಿದೆ.

ಅರ್ಹತೆ ಮತ್ತು ರ‍್ಯಾಂಕ್ ಬೇರೆ ಬೇರೆ

ಎಂಜಿನಿಯರಿಂಗ್ ಪ್ರವೇಶಕ್ಕೆ ಅಭ್ಯರ್ಥಿಯು ದ್ವಿತೀಯ ಪಿಯುಸಿ ಅಥವಾ ತತ್ಸಮಾನ ಪರೀಕ್ಷೆಯಲ್ಲಿ ಉತ್ತೀರ್ಣನಾಗಿರಬೇಕು. ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಗಣಿತ ವಿಷಯಗಳ ಒಟ್ಟು 300 ಅಂಕಗಳಲ್ಲಿ ಸಾಮಾನ್ಯ ವರ್ಗದವರು ಕನಿಷ್ಠ ಶೇಕಡಾ 45, ಅಂದರೆ 135 ಅಂಕ ಪಡೆದಿರಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಹಾಗೂ ರಾಜ್ಯದ ಹಿಂದುಳಿದ ವರ್ಗಗಳ ಅಭ್ಯರ್ಥಿಗಳಿಗೆ ಈ ಮಿತಿ ಶೇಕಡಾ 40, ಅಂದರೆ 120 ಅಂಕ. ಈ ಮಿತಿಯನ್ನು ಮೂರು ವಿಷಯಗಳ ಮೊತ್ತದ ಮೇಲೆ ನೋಡಲಾಗುತ್ತದೆಯೇ ಹೊರತು ಪ್ರತಿಯೊಂದು ವಿಷಯಕ್ಕೂ ಪ್ರತ್ಯೇಕವಾಗಿ ಅಲ್ಲ. ಸಾಮಾನ್ಯ ವರ್ಗದ ಅಭ್ಯರ್ಥಿಗೆ ಈ ವಿಷಯಗಳಲ್ಲಿ 130 ಅಂಕಗಳಷ್ಟೇ ಇದ್ದಲ್ಲಿ, ಸಿಇಟಿಯಲ್ಲಿ ಎಷ್ಟೇ ಅಂಕ ಬಂದಿದ್ದರೂ ಎಂಜಿನಿಯರಿಂಗ್ ಸೀಟಿಗೆ ಅರ್ಹತೆ ಇರುವುದಿಲ್ಲ.

ಅರ್ಹತೆ ದೊರೆತ ನಂತರ ರ‍್ಯಾಂಕಿನ ಲೆಕ್ಕ ಆರಂಭವಾಗುತ್ತದೆ. ಈ ಮೂರು ವಿಷಯಗಳ ಪಿಯುಸಿ ಶೇಕಡಾವಾರು ಅಂಕದ ಅರ್ಧ ಹಾಗೂ ಸಿಇಟಿಯ ಶೇಕಡಾವಾರು ಅಂಕದ ಅರ್ಧವನ್ನು ಕೂಡಿಸಿ ರ‍್ಯಾಂಕ್ ನಿರ್ಧರಿಸಲಾಗುತ್ತದೆ. ಭಾಷಾ ವಿಷಯಗಳಲ್ಲಿ ಉತ್ತೀರ್ಣರಾಗಬೇಕಾದರೂ ಅವುಗಳ ಅಂಕಗಳು ಈ ಲೆಕ್ಕಕ್ಕೆ ಸೇರುವುದಿಲ್ಲ.

ಒಂದು ಉದಾಹರಣೆ

ಒಬ್ಬ ಅಭ್ಯರ್ಥಿಯು ಪಿಯುಸಿಯಲ್ಲಿ ಭೌತಶಾಸ್ತ್ರಕ್ಕೆ 84, ರಸಾಯನಶಾಸ್ತ್ರಕ್ಕೆ 52, ಗಣಿತಕ್ಕೆ 89 ಅಂಕ ಪಡೆದಿದ್ದಾನೆ ಎಂದು ಭಾವಿಸಬಹುದು. ಒಟ್ಟು 225, ಅಂದರೆ ಶೇಕಡಾ 75. ಸಿಇಟಿಯ 180 ಅಂಕಗಳಲ್ಲಿ ಅವನಿಗೆ 150, ಅಂದರೆ ಶೇಕಡಾ 83.33 ಬಂದಿದೆ. ಎರಡರ ಅರ್ಧಗಳನ್ನು ಕೂಡಿಸಿದಾಗ 79.17 ಆಗುತ್ತದೆ. ಇನ್ನೊಬ್ಬ ಅಭ್ಯರ್ಥಿಗೆ ಪಿಯುಸಿಯಲ್ಲಿ 285, ಅಂದರೆ ಶೇಕಡಾ 95 ಇದ್ದು, ಸಿಇಟಿಯಲ್ಲಿ 108, ಅಂದರೆ ಶೇಕಡಾ 60 ಮಾತ್ರ ಇದೆ. ಈತನ ಮೊತ್ತ 77.50. ರಸಾಯನಶಾಸ್ತ್ರದಲ್ಲಿ ಹಿಂದೆ ಬಿದ್ದ ಮೊದಲ ಅಭ್ಯರ್ಥಿಯೇ ರ‍್ಯಾಂಕ್ ಪಟ್ಟಿಯಲ್ಲಿ ಮುಂದಿರುತ್ತಾನೆ.

ಇದಕ್ಕೆ ಕಾರಣ ಸರಳವಾದುದು. ಪಿಯುಸಿಯ ಅರ್ಧ ಭಾಗವು 300 ಅಂಕಗಳಲ್ಲಿ ಹಂಚಿಹೋಗಿದ್ದರೆ, ಸಿಇಟಿಯ ಅರ್ಧ ಭಾಗವು 180 ಅಂಕಗಳಲ್ಲಿ ಹಂಚಿಹೋಗಿದೆ. ಆದ್ದರಿಂದ ಸಿಇಟಿಯ 3 ಅಂಕಗಳು ಪಿಯುಸಿಯ 5 ಅಂಕಗಳಿಗೆ ಸಮ. ಒಂದು ವಿಷಯದಲ್ಲಿ ಕಳೆದುಕೊಂಡ 40 ಅಂಕಗಳನ್ನು ಸಿಇಟಿಯಲ್ಲಿ 24 ಹೆಚ್ಚುವರಿ ಅಂಕಗಳಿಂದ ಸರಿದೂಗಿಸಬಹುದು. ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಡಿತ ಇಲ್ಲದಿರುವುದರಿಂದ ಯಾವ ಪ್ರಶ್ನೆಯನ್ನೂ ಉತ್ತರಿಸದೆ ಬಿಡಬೇಕಾಗಿಲ್ಲ.

ಇತರ ಪ್ರವೇಶ ಮಾರ್ಗಗಳು

ಪಿಯುಸಿ ಅಂಕಗಳಿಗೆ ಎಲ್ಲ ಮಾರ್ಗಗಳಲ್ಲಿಯೂ ಒಂದೇ ತೂಕ ಇರುವುದಿಲ್ಲ.

1. ಕಾಮೆಡ್-ಕೆ: ರ‍್ಯಾಂಕ್ ಅನ್ನು ಪ್ರವೇಶ ಪರೀಕ್ಷೆಯ ಅಂಕದಿಂದಲೇ ನಿರ್ಧರಿಸಲಾಗುತ್ತದೆ. ಪಿಯುಸಿ ಅಂಕಗಳು ಅರ್ಹತೆಗೆ ಮಾತ್ರ ಬೇಕಾಗುತ್ತವೆ.

2. ಸುರತ್ಕಲ್‌ನ ಎನ್‌ಐಟಿ ಮೊದಲಾದ ಸಂಸ್ಥೆಗಳು: ಜೆಇಇ ಮೇನ್ ರ‍್ಯಾಂಕ್ ಮೇಲೆ ಸೀಟು ದೊರೆಯುತ್ತದೆ. ಆದರೆ 12ನೇ ತರಗತಿಯಲ್ಲಿ ಶೇಕಡಾ 75 (ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇಕಡಾ 65) ಅಂಕ ಇರಬೇಕು, ಇಲ್ಲವೇ ಅಭ್ಯರ್ಥಿಯು ತನ್ನ ಮಂಡಳಿಯಲ್ಲಿ ಮೇಲಿನ ಶೇಕಡಾ 20ರೊಳಗೆ ಬಂದಿರಬೇಕು.

3. ವಾಸ್ತುಶಿಲ್ಪ: ಸಿಇಟಿಯ ಬದಲಾಗಿ ನಾಟಾ ಅಂಕದ ಅರ್ಧ ಹಾಗೂ ಪಿಯುಸಿ ಅಂಕದ ಅರ್ಧವನ್ನು ಪರಿಗಣಿಸಲಾಗುತ್ತದೆ.

4. ವೈದ್ಯಕೀಯ: ನೀಟ್ ಅಂಕವೇ ಆಧಾರ. ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಜೀವಶಾಸ್ತ್ರಗಳಲ್ಲಿ ಸಾಮಾನ್ಯ ವರ್ಗಕ್ಕೆ ಒಟ್ಟು ಶೇಕಡಾ 50, ಮೀಸಲು ವರ್ಗಗಳಿಗೆ ಶೇಕಡಾ 40 ಅರ್ಹತಾ ಮಿತಿಯಾಗಿರುತ್ತದೆ.

2021ರ ಪ್ರವೇಶದ ಬಗ್ಗೆ

ಕೋವಿಡ್ ಕಾರಣದಿಂದ 2021ರಲ್ಲಿ ದ್ವಿತೀಯ ಪಿಯುಸಿ ವಾರ್ಷಿಕ ಪರೀಕ್ಷೆ ರದ್ದಾಗಿ, ಆ ವರ್ಷ ಸಿಇಟಿ ಅಂಕಗಳನ್ನು ಮಾತ್ರ ಪರಿಗಣಿಸಲಾಗಿತ್ತು. ಆ ಸಾಲಿನ ವಿದ್ಯಾರ್ಥಿಗಳ ಅನುಭವವನ್ನು ಕೇಳಿ ಈಗಲೂ ಸಿಇಟಿ ಒಂದೇ ಸಾಕೆಂದು ತಿಳಿಯಬಾರದು.

ಅಭ್ಯರ್ಥಿಗಳು ಗಮನಿಸಬೇಕಾದ ಅಂಶಗಳು

ಅ) ಒಂದು ವಿಷಯದ ಅಂಕ ನಿರೀಕ್ಷೆಗಿಂತ ತೀರಾ ಕಡಿಮೆ ಬಂದಿದ್ದಲ್ಲಿ ಉತ್ತರಪತ್ರಿಕೆಯ ಛಾಯಾಪ್ರತಿ ಹಾಗೂ ಮರುಮೌಲ್ಯಮಾಪನಕ್ಕೆ ನಿಗದಿತ ದಿನಾಂಕದೊಳಗೆ ಅರ್ಜಿ ಸಲ್ಲಿಸಬಹುದು.

ಆ) 2024ರಿಂದ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಪಿಯುಸಿ ಪರೀಕ್ಷೆ ನಡೆಸಲಾಗುತ್ತಿದ್ದು, ಉತ್ತೀರ್ಣರಾದವರೂ ಅಂಕ ಸುಧಾರಣೆಗಾಗಿ ಮುಂದಿನ ಪರೀಕ್ಷೆ ಬರೆಯಬಹುದು.

ಇ) ಸಿಬಿಎಸ್‌ಇ, ಐಎಸ್‌ಸಿ ಮುಂತಾದ ಮಂಡಳಿಗಳ ಅಭ್ಯರ್ಥಿಗಳು ತಮ್ಮ 12ನೇ ತರಗತಿಯ ಅಂಕಗಳನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಜಾಲತಾಣದಲ್ಲಿ ತಪ್ಪದೆ ದಾಖಲಿಸಬೇಕು. ಅಂಕ ದಾಖಲಾಗದಿದ್ದಲ್ಲಿ ಎಂಜಿನಿಯರಿಂಗ್ ರ‍್ಯಾಂಕ್ ಪ್ರಕಟವಾಗುವುದಿಲ್ಲ.

ಈ) ಹಿಂದಿನ ವರ್ಷಗಳಲ್ಲಿ ಪ್ರತಿ ಕಾಲೇಜು, ಕೋರ್ಸು ಹಾಗೂ ಪ್ರವರ್ಗದಲ್ಲಿ ಸೀಟು ದೊರೆತ ಕೊನೆಯ ರ‍್ಯಾಂಕ್ ವಿವರ ಪ್ರಾಧಿಕಾರದ ಜಾಲತಾಣದಲ್ಲಿ ಲಭ್ಯವಿದೆ. ಅದನ್ನು ನೋಡಿದ ನಂತರವೇ ಕಾಲೇಜು ಮತ್ತು ಕೋರ್ಸುಗಳ ಆಯ್ಕೆಗಳನ್ನು ದಾಖಲಿಸುವುದು ಸೂಕ್ತ.

ಪಿಯುಸಿ ಅಂಕಪಟ್ಟಿಯಲ್ಲಿ ಒಂದು ವಿಷಯ ಕುಂದಿದ ಮಾತ್ರಕ್ಕೆ ಅವಕಾಶ ಮುಗಿಯಿತೆಂದು ಭಾವಿಸಬೇಕಾಗಿಲ್ಲ. ಅರ್ಹತೆ ಇದೆಯೇ ಎಂಬುದನ್ನು ಮೊದಲು ಖಚಿತಪಡಿಸಿಕೊಂಡು, ನಂತರ ಎರಡೂ ಪರೀಕ್ಷೆಗಳ ಅಂಕಗಳನ್ನು ಕೂಡಿಸಿ ನೋಡಿ ಮುಂದಿನ ತೀರ್ಮಾನ ಕೈಗೊಳ್ಳುವುದು. ಆಯಾ ವರ್ಷದ ದಿನಾಂಕ ಹಾಗೂ ನಿಯಮಗಳಿಗೆ ಪ್ರಾಧಿಕಾರದ ಅಧಿಸೂಚನೆಯೇ ಅಂತಿಮ.